ಒಂದು ರೂಪಾಯಿಯ ರೈಸ್‌ಮಿಲ್ಲು

ನಾನು ಕೆಲಸ ಮಾಡುವ ಬ್ಯಾಂಕು ಸಣ್ಣದು. ಅದರ ಮುಖ್ಯ ಕಚೇರಿ ಕೊಪ್ಪಳದಲ್ಲಿದೆ. ಎರಡನೆಯ ಮಹಡಿಯ ಮೂಲೆಯಲ್ಲಿ ನನ್ನ ಟೇಬಲ್ಲು. ಪಕ್ಕದ ಕಿಟಕಿಯಿಂದ ಬಂಡೆಗಳ ಗುಡ್ಡವೂ ಅದರ ನೆತ್ತಿಯ ಮೇಲಿನ ಕೋಟೆಗೋಡೆಯೂ ಕಾಣುತ್ತವೆ. ಬೇಸಿಗೆಯ ಮಧ್ಯಾಹ್ನ ಆ ಗೋಡೆ ಬಿಸಿಲಿನಲ್ಲಿ ಸಣ್ಣಗೆ ಅಲುಗುತ್ತದೆ, ನೀರಿನೊಳಗೆ ಬಿದ್ದ ನೆರಳಿನ ಹಾಗೆ. ಚಿಕ್ಕಂದಿನಿಂದಲೂ ನನಗೆ ಹಗಲುಗನಸಿನ ಚಾಳಿ. ಬೇವೂರಿನ ಸಾಲೆಯಲ್ಲಿ ಕಿಟಕಿಯಾಚೆಯ ಕಡಲೆ ಹೊಲ ನೋಡುತ್ತ ಕುಳಿತು ಮಗ್ಗಿ ಮರೆಯುತ್ತಿದ್ದವಳು ನಾನು. ಅಂಥವಳಿಗೆ ಲೆಕ್ಕದ ನೌಕರಿ ಸಿಕ್ಕಿದ್ದನ್ನು ಮನೆಯವರು ಇನ್ನೂ ನಂಬಿಲ್ಲ.

ಯಲಬುರ್ಗಾ, ಕುಷ್ಟಗಿ ಶಾಖೆಗಳ ಕೌಂಟರುಗಳಲ್ಲಿ ಬಹಳ ವರ್ಷ ಕುಳಿತ ಮೇಲೆ ನನ್ನನ್ನು ಹೂಡಿಕೆ ವಿಭಾಗಕ್ಕೆ ಹಾಕಿದರು. ವಿಭಾಗವೆಂದರೆ ನಾನು ಮತ್ತು ನನ್ನ ಮೇಲಧಿಕಾರಿ, ಇಬ್ಬರೇ. ಎಲ್ಲರೂ ಅವರನ್ನು ಸಾಹೇಬರೆಂದೇ ಕರೆಯುತ್ತಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ, ಮೆಲ್ಲಗೆ ಮಾತಾಡುವ ಮನುಷ್ಯ. ಜನ ನಮ್ಮಲ್ಲಿಟ್ಟ ಠೇವಣಿಯ ಒಂದು ಪಾಲನ್ನು ಬ್ಯಾಂಕು ಸರ್ಕಾರದ ಬಾಂಡುಗಳಲ್ಲಿ, ಕಂಪನಿಗಳ ಷೇರುಗಳಲ್ಲಿ ತೊಡಗಿಸಿರುತ್ತದೆ. ವರ್ಷದ ಕೊನೆಗೆ ಅವೆಲ್ಲ ಇವತ್ತು ಎಷ್ಟು ಬೆಲೆ ಬಾಳುತ್ತವೆ ಎಂದು ವಾರ್ಷಿಕ ವರದಿಯಲ್ಲಿ ಹೇಳಬೇಕು. ಕೊಂಡ ಬೆಲೆಯಲ್ಲ, ಇವತ್ತಿನ ಬೆಲೆ. ಕಚೇರಿಯಲ್ಲಿ ಅದಕ್ಕೆ ಫೇರ್ ವ್ಯಾಲ್ಯೂ ಎನ್ನುತ್ತೇವೆ.

ಮೊದಲ ದಿನ ಸಾಹೇಬರು ನನಗೆ ಪುಸ್ತಕ ಕೊಡಲಿಲ್ಲ. ಚಹಾ ತರಿಸಿ, "ನಿಮ್ಮಪ್ಪ ಎತ್ತು ಕಟ್ಯಾನೇನವಾ?" ಎಂದು ಕೇಳಿದರು.

"ಕಟ್ಯಾನ್ರಿ, ಒಂದ್ ಜೋಡಿ."

"ಅದರ ಬೆಲಿ ಎಷ್ಟು?"

ಅಪ್ಪ ಅವನ್ನು ಕೊಂಡ ಬೆಲೆ ಹೇಳಿದೆ. ಸಾಹೇಬರು ಅಲ್ಲವೆಂದು ತಲೆಯಾಡಿಸಿದರು. "ಅದು ಕೊಂಡಿದ್ದಾತು. ಈಗ ನಿಮ್ಮಪ್ಪಗ ಮಾರೂ ಅವಸರ ಇಲ್ಲ. ಎದುರಿಗೆ ನಿಂತಾಂವಗ ಕೊಳ್ಳೂ ಅವಸರ ಇಲ್ಲ. ಇಬ್ಬರಿಗೂ ಎತ್ತಿನ ಗುಣ ಗೊತ್ತೈತಿ. ಇವತ್ತ, ಈ ಹೊತ್ತಿನಾಗ, ಅವರಿಬ್ಬರೂ ಒಪ್ಪಿ ಕೈ ಕೊಡೂ ಬೆಲಿ ಐತಲ್ಲ, ಅದನ್ನ ಹುಡುಕೂದ ನಮ್ಮ ಕೆಲಸ."

ಅದನ್ನು ಹುಡುಕುವುದರಲ್ಲಿ ಮೂರು ಮೆಟ್ಟಿಲುಗಳಿವೆ. ದಿನವೂ ಪೇಟೆಯಲ್ಲಿ ದರ ಪ್ರಕಟವಾಗುವ ಬಾಂಡುಗಳದು ಮೊದಲ ಮೆಟ್ಟಿಲು. ಅಲ್ಲಿ ನೋಡಿ ಬರೆದುಕೊಂಡರಾಯಿತು. ತಮಗೇ ಅಂತ ದರವಿಲ್ಲದಿದ್ದರೂ ತಮ್ಮಂಥವುಗಳ ದರದಿಂದ ಅಂದಾಜು ಸಿಗುವಂಥವು ಎರಡನೆಯದರಲ್ಲಿ. ಮೂರನೆಯದರಲ್ಲಿ ಪೇಟೆಯೂ ಇಲ್ಲ, ಹೋಲುವಂಥವೂ ಇಲ್ಲ. ಅಲ್ಲಿ ನಾವೇ ಯೋಚಿಸಿ ಒಂದು ಬೆಲೆ ಹೇಳಬೇಕು, ಯಾಕೆ ಹಾಗೆ ಹೇಳಿದೆವೆಂದೂ ಕೆಳಗೆ ಸಣ್ಣಕ್ಷರದಲ್ಲಿ ಬರೆಯಬೇಕು. ಬ್ಯಾಂಕು ತೀರಿಸಬೇಕಾದ ಸಾಲಗಳಿಗೂ ಇದೇ ಮಾತು. ಜನರ ಠೇವಣಿ ನಮ್ಮ ಮೇಲಿನ ಹೊಣೆ. ಆ ಹೊಣೆಯನ್ನು ಇವತ್ತು ಇನ್ನೊಬ್ಬರ ಹೆಗಲಿಗೆ ದಾಟಿಸಬೇಕೆಂದರೆ ಅವರಿಗೆ ಏನು ಕೊಡಬೇಕಾದೀತೋ ಅದೇ ಅದರ ಇವತ್ತಿನ ಬೆಲೆ. ಸಾಹೇಬರು ಇದನ್ನು ಹೇಳಿದ ದಿನ ನಾನು ಮನೆಗೆ ನಡೆದು ಹೋಗುವಾಗ ಕಂಡದ್ದಕ್ಕೆಲ್ಲ ಮೆಟ್ಟಿಲು ಹುಡುಕುತ್ತ ಹೋದೆ. ಬೇವಿನ ಮರದ ನೆರಳು, ನಳದ ನೀರು ಬರುವ ಸದ್ದು, ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಚಾಚುವ ಪಲ್ಯದ ಬಟ್ಟಲು. ಎಲ್ಲವೂ ಮೂರನೆಯ ಮೆಟ್ಟಿಲಿನವೇ ಆಗಿದ್ದವು.

ನಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಒಂದು ರೈಸ್‌ಮಿಲ್ಲು ಕಂಪನಿ ಇತ್ತು. ಗಂಗಾವತಿಯಿಂದ ಕಾರಟಗಿ ಕಡೆ ಹೋಗುವ ದಾರಿಯಲ್ಲಿ, ಸುತ್ತಲಿನ ರೈತರು ಕೂಡಿ ಕಟ್ಟಿದ್ದು. ಬಹಳ ಹಿಂದೆ ನಮ್ಮ ಬ್ಯಾಂಕು ಅದರ ಒಂದಿಷ್ಟು ಷೇರು ಕೊಂಡಿತ್ತು. ಆ ಷೇರುಗಳನ್ನು ಯಾವ ಪೇಟೆಯಲ್ಲಿಯೂ ಮಾರುವುದಿಲ್ಲ. ಹಾಗಾಗಿ ಕಂಪನಿಯ ಬ್ಯಾಲೆನ್ಸ್‌ಶೀಟು ನೋಡಿ ಬೆಲೆ ಕಟ್ಟಬೇಕು. ಆದರೆ ಕೆಲವು ವರ್ಷಗಳಿಂದ ಅವರು ಬ್ಯಾಲೆನ್ಸ್‌ಶೀಟನ್ನೇ ಕಳಿಸಿರಲಿಲ್ಲ. ಅಂಥ ಕಂಪನಿಗೆ ನಿಯಮ ಒಂದೇ. ಎಷ್ಟೇ ಷೇರುಗಳಿರಲಿ, ಎಲ್ಲ ಸೇರಿ ಒಂದು ರೂಪಾಯಿ ಎಂದು ತೋರಿಸಬೇಕು.

ಲಕ್ಷ, ಕೋಟಿಗಳ ಸಾಲಿನ ಕೆಳಗೆ ಆ ಒಂದು ರೂಪಾಯಿ ಒಂಟಿಯಾಗಿ ನಿಂತಿರುತ್ತಿತ್ತು. ನನ್ನ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಒಂದು ರೂಪಾಯಿಯ ಮಿಲ್ಲು ಹೇಗಿರಬಹುದು? ಬಾಗಿಲು ಬಿದ್ದು, ಗೋಡೆಯೊಳಗೆ ಜಾಲಿ ಬೆಳೆದು, ಹೆಂಚುಗಳ ಸಂದಿಯಲ್ಲಿ ಪಾರಿವಾಳ ಗೂಡು ಕಟ್ಟಿದ ಒಂದು ಚಿತ್ರ ಮನಸ್ಸಿನಲ್ಲಿ ಕುಳಿತಿತ್ತು. ಒಂದು ಫೆಬ್ರವರಿಯಲ್ಲಿ ಸಾಹೇಬರೇ, "ಒಮ್ಮೆ ಹೋಗಿ ನೋಡಿಕೊಂಡ ಬಾರವಾ. ಬ್ಯಾಲೆನ್ಸ್‌ಶೀಟ್ ಯಾಕ ಮಾಡಿಸಿಲ್ಲ ಅಂತ ಕೇಳು," ಎಂದರು.

ಕೊಪ್ಪಳದಿಂದ ಬಸ್ಸು ಹೊರಟು ಬೂದಗುಂಪಾ ಕ್ರಾಸು ದಾಟುವವರೆಗೆ ನನ್ನ ಕಣ್ಣಿಗೆ ಪರಿಚಿತವಾದ ನೆಲವೇ. ಒಣಗಿದ ಹೊಲ, ಕಲ್ಲು, ದೂರದಲ್ಲಿ ಕುರಿಹಿಂಡಿನ ಧೂಳು. ಆಮೇಲೆ ಬಂಡೆಗುಡ್ಡಗಳು ದಾರಿಯ ಎರಡೂ ಕಡೆ ಬಂದು ನಿಲ್ಲುತ್ತವೆ. ಎಲ್ಲೋ ಒಂದು ಕಡೆ ಕಣ್ಣು ಮುಚ್ಚಿ ತೆರೆದರೆ ನೆಲವೆಲ್ಲ ಹಸಿರು. ಕಾಲುವೆಯ ನೀರು ಮುಟ್ಟಿದ ನೆಲ ಅದು. ನಾಟಿ ಮಾಡಿದ ಭತ್ತದ ಗದ್ದೆಗಳಲ್ಲಿ ಆಕಾಶ ತುಂಡುತುಂಡಾಗಿ ಬಿದ್ದಿತ್ತು. ಬೆಳ್ಳಕ್ಕಿಗಳು ಬದುವಿನ ಮೇಲೆ ಕುಳಿತಿದ್ದವು. ಜೋಳ, ಸಜ್ಜೆಯ ಊರಿನಲ್ಲಿ ಬೆಳೆದ ನನಗೆ ಆ ಸೀಮೆ ಯಾವಾಗಲೂ ಯಾರದೋ ಕನಸಿನೊಳಗೆ ಕಾಲಿಟ್ಟಂತೆ ಅನ್ನಿಸುತ್ತದೆ.

ಮಿಲ್ಲು ಬಿದ್ದಿರಲಿಲ್ಲ. ದಡದಡ ಸದ್ದು ಮಾಡುತ್ತ ನಡೆಯುತ್ತಿತ್ತು. ತೌಡಿನ ಧೂಳು ಗಾಳಿಯಲ್ಲಿ ತೇಲಿ, ಬಿಸಿಲು ಬಿದ್ದಲ್ಲೆಲ್ಲ ಬಂಗಾರದ ಹೊಗೆಯಂತೆ ಕಾಣುತ್ತಿತ್ತು. ಅಂಗಳದಲ್ಲಿ ಎರಡು ಲಾರಿ ನಿಂತಿದ್ದವು. ಹಮಾಲರು ಚೀಲ ಹೊರುತ್ತಿದ್ದರು. ಒಳಗಿನಿಂದ ನನ್ನದೇ ವಯಸ್ಸಿನ ಒಬ್ಬ ಹೆಂಗಸು ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತ ಬಂದಳು. ರೈತರ ಮುಂದೆ ನಿಂತು ಮಿಲ್ಲು ಕಟ್ಟಿಸಿದ ಹಿರಿಯರ ಸೊಸೆ ಆಕೆ. ಗಂಡ ಕುಷ್ಟಗಿ ಕಡೆ ಸಾಲಿ ಮಾಸ್ತರ, ಆದಿತ್ಯವಾರ ಮಾತ್ರ ಬರುತ್ತಾನೆ. ಉಳಿದ ದಿನ ಮಿಲ್ಲು ನೋಡಿಕೊಳ್ಳುವವಳು ಇವಳೇ.

"ಬ್ಯಾಂಕಿನವರೇನ್ರಿ? ಬರ್ರಿ ಅಕ್ಕಾರ, ಒಳಗ ಬರ್ರಿ. ಅಲ್ಲಿ ಧೂಳು ಭಾಳ," ಎಂದು ಕೈಹಿಡಿದು ಕರೆದೊಯ್ದಳು.

ಆಫೀಸಿನ ಮುಂದಿನ ಪಡಸಾಲೆಯಲ್ಲಿ ಒಂದು ಮಂಚ. ಅದರ ಮೇಲೆ ಬಿಳಿ ಅಂಗಿ, ಧೋತರದ ಮುದುಕರೊಬ್ಬರು ದಿಂಬಿಗೆ ಒರಗಿ ಕುಳಿತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಮಲಗಿತ್ತು. ನನ್ನನ್ನು ನೋಡಿ ಮುಖವರಳಿಸಿ, "ಬಾ ತಂಗಿ. ಗಂಜಿನಿಂದ ಬಂದೇನು? ಏನ ದರ ಐತಿ ಇವತ್ತ?" ಎಂದರು. ಗಂಜು ಎಂದರೆ ಗಂಗಾವತಿಯ ಭತ್ತದ ಮಾರುಕಟ್ಟೆ.

ನಾನು ಬಾಯಿ ತೆರೆಯುವ ಮೊದಲೇ ಸೊಸೆ ನನ್ನ ಮುಂಗೈ ಅದುಮಿದಳು. "ಚೀಲಕ್ಕ ಆರನೂರ ಐತಂತ್ರಿ ಮಾವಾರ," ಎಂದಳು.

"ಆರನೂರ," ಎಂದು ಅವರು ತಲೆದೂಗಿದರು. "ಛಲೋ ಆತು. ನಿಮ್ಮತ್ತಿ ಬಂದ್ಲೇನು?"

"ಇನ್ನಾ ಇಲ್ರಿ. ಹುಲಿಹೈದರಕ್ಕ ಹೋಗ್ಯಾರ. ತವರಮನಿ ಅಂದಮ್ಯಾಲೆ ಲಗೂ ಬಿಡ್ತಾರೇನ್ರಿ?"

ಮುದುಕರು ನಕ್ಕರು. ಹೊಸದಾಗಿ ಮದುವೆಯಾದವರ ನಗುವಿನಂತೆ ಇತ್ತು ಅದು. ಮತ್ತೆ ದಿಂಬಿಗೊರಗಿ ದಾರಿಯ ಕಡೆ ನೋಡುತ್ತ ಕುಳಿತರು.

ಒಳಗೆ ಕುಳಿತ ಮೇಲೆ ಆಕೆ ಎಲ್ಲ ಹೇಳಿದಳು. ಕೆಲವು ವರ್ಷದ ಹಿಂದೆ ಮಾವನಿಗೆ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆಯಿತು. ಜೀವ ಉಳಿಯಿತು, ಮಾತೂ ಬಂತು, ಆದರೆ ನಡುವಿನ ಎಷ್ಟೋ ವರ್ಷಗಳು ಅವರೊಳಗಿನಿಂದ ಅಳಿಸಿಹೋದವು. ಭತ್ತ ಚೀಲಕ್ಕೆ ಆರುನೂರಿದ್ದ ಕಾಲದಲ್ಲೇ ಅವರು ನಿಂತುಬಿಟ್ಟಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಬಂದ ಹೊಸತರಲ್ಲಿ ಸೊಸೆ ಖರೆ ದರ ಹೇಳಿದ್ದಳಂತೆ. ಸುಳ್ಳು ಹೇಳುತ್ತೀ ಎಂದು ಸಿಟ್ಟಾಗಿ ಊಟ ಬಿಟ್ಟರು. ಅವತ್ತಿನಿಂದ ಮಿಲ್ಲಿಗೆ ಬರುವ ಹಮಾಲರು, ಡ್ರೈವರುಗಳು, ರೈತರು ಎಲ್ಲರೂ ಅವರಿಗೆ ಆರುನೂರು ಎಂದೇ ಹೇಳುತ್ತಾರೆ.

"ಮತ್ತ ಅತ್ತಿಯವರು?" ಎಂದು ಕೇಳಿದೆ.

"ಅತ್ತಿ ತೀರಿಕೊಂಡ ಭಾಳ ವರ್ಷ ಆತ್ರಿ, ಲಕ್ವಾ ಹೊಡಿಯೂಕಿಂತ ಮೊದಲ. ಆದ್ರ ಆ ಆರನೂರರ ಕಾಲದಾಗ ಅವರು ಅದಾರ. ಅದಕ್ಕ ಹುಲಿಹೈದರಕ್ಕ ಕಳಿಸೀವ್ರಿ," ಎಂದಳು.

ಹೊರಗೆ ಮಿಲ್ಲಿನ ಸದ್ದು ಒಂದೇ ಲಯದಲ್ಲಿ ನಡೆಯುತ್ತಿತ್ತು. ನನಗೆ ಬಂದ ಕೆಲಸ ಕೇಳುವ ಮನಸ್ಸೇ ಇರಲಿಲ್ಲ. ಆದರೂ ಕೇಳಿದೆ. ಬ್ಯಾಲೆನ್ಸ್‌ಶೀಟು ಯಾಕೆ ಮಾಡಿಸಿಲ್ಲ?

ಆಕೆ ಕಾರಣ ಹೇಳಿದಳು. ಕಂಪನಿಗೆ ಮಾವನೇ ಮುಖ್ಯಸ್ಥರು. ಸಹಿ ಅವರದೇ ಬೇಕು. ಯಾವ ವರ್ಷವೆಂದು ತಿಳಿಯದವರ ಕೈಲಿ ಸಹಿ ಮಾಡಿಸಲು ಲೆಕ್ಕ ನೋಡುವವರು ಒಪ್ಪುವುದಿಲ್ಲ. ಬೇರೆಯವರನ್ನು ಮುಖ್ಯಸ್ಥರನ್ನಾಗಿ ಮಾಡಬೇಕೆಂದರೆ ಇವರ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಡಾಕ್ಟರರಿಂದ ಬರೆಸಿ ಕೊಡಬೇಕು. "ಈ ಮಿಲ್ಲಿನ ಒಂದೊಂದ ಇಟ್ಟಂಗಿ ಅವರು ನಿಂತು ಇಡಿಸ್ಯಾರ್ರಿ. ಅವರಿಗೆ ಬುದ್ಧಿ ಇಲ್ಲ ಅಂತ ನಾ ಹೆಂಗ ಬರಸ್ಲಿ ಅಕ್ಕಾರ? ನಮ್ಮ ಮನಿಯವರೂ ಬ್ಯಾಡ ಅಂದ್ರು. ಇದ್ದಷ್ಟ ದಿನ ಹಿಂಗ ನಡೀಲಿ ಅಂತ ಬಿಟ್ಟೀವಿ."

ಆಮೇಲೆ, "ಬ್ಯಾಂಕಿನಾಗ ಈಗ ನಮ್ಮ ಮಿಲ್ಲಿನ ಬೆಲಿ ಎಷ್ಟ ಅಂತ ಬರದೀರಿ?" ಎಂದು ಕೇಳಿದಳು.

ಹೇಳಬಾರದಿತ್ತೇನೋ, ಆದರೆ ಅದು ಅಚ್ಚಾಗಿ ಎಲ್ಲರ ಕೈಗೂ ಹೋಗುವ ವರದಿ. "ಒಂದು ರೂಪಾಯಿ," ಎಂದೆ. ನಿಯಮ ಹಾಗಿದೆ ಎಂದು ಬಿಡಿಸಿ ಹೇಳಿದೆ.

ಆಕೆ ಮೊದಲು ನಕ್ಕಳು. ನಗು ನಿಂತ ಮೇಲೆ ಸೊಂಟದ ಚೀಲದಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಟೇಬಲ್ಲಿನ ಮೇಲಿಟ್ಟಳು. "ಹಂಗಾರ ತಗೋರಿ. ನಿಮ್ಮ ಷೇರೆಲ್ಲಾ ನನಗ ಕೊಟ್ಟ ಬಿಡ್ರಿ."

"ಕೊಡಾಕ ಬರಂಗಿಲ್ರಿ," ಎಂದೆ.

"ಯಾಕ? ನೀವ ಬರದಿದ್ದ ಬೆಲಿ ಅಲ್ಲೇನು?"

ಸಾಹೇಬರ ಎತ್ತಿನ ಮಾತನ್ನೇ ಆಕೆಗೂ ಹೇಳಿದೆ. ಅವಸರವಿಲ್ಲದ, ಒಳಹೊರಗು ಬಲ್ಲ ಇಬ್ಬರು ಇವತ್ತು ಒಪ್ಪುವ ಬೆಲೆಯೇ ಸರಿಯಾದ ಬೆಲೆ. ಒಂದು ರೂಪಾಯಿ ಬೆಲೆಯಲ್ಲ, ನಮಗೆ ನಿಮ್ಮ ವಿಷಯ ಗೊತ್ತಿಲ್ಲ ಎಂದು ಹೇಳುವ ರೀತಿ ಅದು. ಆಕೆ ಗಮನವಿಟ್ಟು ಕೇಳಿದಳು.

"ಮತ್ತ ಕೊಂಡ ಬೆಲಿನ ಇಟ್ಟಬಿಟ್ರ ಏನಾಗ್ತಿತ್ರಿ? ಹಳೇದನ್ನ?"

"ಯಾರಿಗೂ ತ್ರಾಸ ಆಗತಿರಲಿಲ್ಲ. ಆದ್ರ ನೋಡಿದವರಿಗೆ ಈಗ ಏನೈತಿ ಅನ್ನೂದು ಕಾಣ್ತಿರಲಿಲ್ಲ."

ಆಕೆಯ ಕಣ್ಣು ಬಾಗಿಲಾಚೆಯ ಮಂಚದ ಕಡೆ ಹೋಯಿತು. ಮುದುಕರು ಅಷ್ಟರಲ್ಲಿ ಬಂದ ಲಾರಿ ಡ್ರೈವರನನ್ನು ದರ ಕೇಳುತ್ತಿದ್ದರು. ಅವನು ಬೀಡಿ ಮರೆಮಾಡಿಕೊಂಡು, "ಆರನೂರ ಐತ್ರೀ ಯಜಮಾನ್ರ," ಎನ್ನುತ್ತಿದ್ದ. ನಾನು ಅವತ್ತು ಬರಿಗೈಯಲ್ಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆರುನೂರು ಎಂಬ ಶಬ್ದ ಗದ್ದೆಗಳ ಮೇಲೆ ತೇಲಿ ನನ್ನ ಜೊತೆಗೇ ಬಂತು. ಎಲ್ಲರೂ ಸೇರಿ ಒಬ್ಬ ಮನುಷ್ಯನ ಸುತ್ತ ಒಂದು ಕಾಲವನ್ನು ಕಟ್ಟಿ ನಿಲ್ಲಿಸಿದ್ದರು. ಅದರೊಳಗೆ ಅವರು ಸುಖವಾಗಿದ್ದರು. ಅದು ತಪ್ಪೆಂದು ಹೇಳಲು ನನಗೆ ಮನಸ್ಸು ಬರಲಿಲ್ಲ.

ಮಾರ್ಚಿನ ಒಂದು ಶನಿವಾರ ಆಕೆಯೇ ಫೋನು ಮಾಡಿದಳು. "ಅಕ್ಕಾರ, ಇವತ್ತ ಬರಾಕ ಆಗತೈತೇನ್ರಿ? ಮಿಲ್ಲಿನ ಕೆಲಸಕ್ಕಲ್ಲ. ಅವತ್ತ ನೀವು ಅಂದ ಹಳೇ ಬೆಲಿ ಮಾತು ತಲ್ಯಾಗ ಕುಂತಬಿಟ್ಟೈತ್ರಿ. ನನ್ನ ಬಾಜೂಕ ಒಬ್ಬರು ಇದ್ರ ಧೈರ್ಯ," ಎಂದಳು. ಯಾಕೆಂದು ಹೇಳಲಿಲ್ಲ. ಹೋದೆ.

ಅವತ್ತು ಮಿಲ್ಲಿಗೆ ರಜೆ. ಸದ್ದಿಲ್ಲದ ಆ ಕಟ್ಟಡ ಬೇರೆಯದೇ ಆಗಿ ಕಾಣುತ್ತಿತ್ತು. ಗುಬ್ಬಿಗಳು ಮಾತ್ರ ಅಂಗಳದಲ್ಲಿ ಚೆಲ್ಲಿದ ಕಾಳು ಹೆಕ್ಕುತ್ತಿದ್ದವು. ಆಕೆ ಮಾವನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಳು. ಮಂಚದ ಪಕ್ಕ ನನಗೊಂದು ಕುರ್ಚಿ ಹಾಕಿದಳು. ಮುದುಕರು ಎಂದಿನಂತೆ ಕೇಳಿದರು. "ಏನ ದರ ಐತಿ ಇವತ್ತ?"

"ಹದಿನೆಂಟನೂರ ಐತ್ರಿ ಮಾವಾರ," ಎಂದಳು ಸೊಸೆ.

ಅವರು ನಕ್ಕರು. "ಹುಚ್ಚಿ. ಸರಿಯಾಗಿ ಹೇಳು."

"ಸರಿಯಾಗೇ ಹೇಳಾಕತ್ತೀನ್ರಿ. ಇಷ್ಟ ದಿನ ನಾವೆಲ್ಲಾ ಹೇಳಿದ್ದು ಹಳೇ ದರ. ನಿಮಗ ತ್ರಾಸ ಆಗಬಾರದು ಅಂತ ಹೇಳೀವ್ರಿ. ಇವತ್ತಿಂದು ಹದಿನೆಂಟನೂರ."

ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಅವರು ನನ್ನ ಕಡೆ ತಿರುಗಿ, "ಖರೇನೇನ ತಂಗಿ?" ಎಂದರು.

"ಖರೇನ್ರಿ," ಎಂದೆ.

ಅವರು ಅಂಗಳದ ಕಡೆ ಕಣ್ಣು ತಿರುಗಿಸಿದರು. ಜೀವನವಿಡೀ ದರಗಳ ಜೊತೆ ಬಾಳಿದ ಮನುಷ್ಯ. ಬೇರೆಲ್ಲ ಅಳಿಸಿಹೋಗಿದ್ದರೂ ದರ ಹೇಗೆ ಏರುತ್ತದೆ ಎಂಬುದು ಅವರಿಗೆ ತಿಳಿದೇ ಇತ್ತು. "ಆರನೂರಿದ್ದದ್ದು ಅಷ್ಟ ಆಗಬೇಕಂದ್ರ ಒಂದ ಸುಗ್ಗಿಗೆ ಆಗಂಗಿಲ್ಲ," ಎಂದರು ಮೆಲ್ಲಗೆ.

"ಇಲ್ರಿ."

"ಭಾಳ ಸುಗ್ಗಿ ಬೇಕು."

"ಹೌದ್ರಿ ಮಾವಾರ."

ಎಡಗೈಯಿಂದ ಬಲಗೈಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅದರ ಮೇಲಿನ ಬಿಳಿ ಕೂದಲು, ಸಡಿಲಾದ ಚರ್ಮ. "ಹಂಗಾರ ನಾ ಮುದುಕ ಆಗೀನಿ," ಎಂದರು. ಆಮೇಲೆ ಸೊಸೆಯನ್ನು ನೋಡಿದರು. "ನಿಮ್ಮತ್ತಿ ಹುಲಿಹೈದರದಾಗ ಇಲ್ಲ."

ಅದು ಪ್ರಶ್ನೆಯಾಗಿರಲಿಲ್ಲ. ಆಕೆ ನೆಲದ ಮೇಲೆ ಕುಳಿತು ಅವರ ಪಾದ ಹಿಡಿದುಕೊಂಡಳು. "ಇಲ್ರಿ ಮಾವಾರ," ಎಂದಳು.

"ಹೋಗೂ ಮುಂದ ನಾ ಇದ್ದೆನೇನು?"

"ಇದ್ರಿ. ನಿಮ್ಮ ತೊಡಿ ಮ್ಯಾಲೆ ತಲಿ ಇಟ್ಟ ಹೋದ್ರು."

"ನಾ ಅತ್ತೆನೇನು?"

"ಭಾಳ ಅತ್ರಿ."

"ಮತ್ತ ನನಗ್ಯಾಕ ನೆನಪಿಲ್ಲ?" ಎಂದರು. ಆಗ ಅವರು ಅತ್ತರು. ಬಾಯಿ ತೆರೆದು, ಸದ್ದಿಲ್ಲದೆ, ಎಡಗಣ್ಣಿನಿಂದ ಮಾತ್ರ ನೀರು ಸುರಿಯುತ್ತಿತ್ತು. ನಾನು ಕುರ್ಚಿಯಲ್ಲಿ ಕುಳಿತೇ ಅತ್ತೆ.

ಸಂಜೆಗೆ ಮುಂಚೆ ಅವರೇ, "ಅಕಿ ಎಲ್ಲದಾಳ? ತೋರಸು," ಎಂದರು. ಮಿಲ್ಲಿನ ಹಿಂದೆ, ಅವರ ಗದ್ದೆಯ ಅಂಚಿನಲ್ಲೇ ಸಮಾಧಿ. ನಾವಿಬ್ಬರೂ ಎರಡು ಕಡೆ ಹಿಡಿದುಕೊಂಡು ಬದುವಿನ ಮೇಲೆ ಮೆಲ್ಲಗೆ ನಡೆಸಿದೆವು. ಎರಡನೆಯ ಬೆಳೆ ಆಗತಾನೇ ತೆನೆ ಬಿಟ್ಟಿತ್ತು. ಎಳೆತೆನೆಯ ಹಾಲಿನ ವಾಸನೆ ಗಾಳಿಯಲ್ಲೆಲ್ಲ ಇತ್ತು. ಕಲ್ಲಿನ ಹತ್ತಿರ ಬಂದಾಗ ಅವರು ಎಡಗೈಯಿಂದ ಕಲ್ಲು ಮುಟ್ಟಿ, ಆ ಬೆರಳುಗಳನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಪಕ್ಕದ ಒಂದು ತೆನೆ ಕಿತ್ತು, ಕಾಳು ಚಿವುಟಿ, ಬಿಳಿ ಹನಿ ಬಂದದ್ದನ್ನು ನೋಡಿ, "ಕಾಳು ತುಂಬಾಕತ್ಯಾವ," ಎಂದರು. ಅಲ್ಲೇ ಬದುವಿನ ಮೇಲೆ ಕುಳಿತು, ಸೊಸೆಯ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದರು. ನೀರು ಒಂದು ಮಡಿಯಿಂದ ಇನ್ನೊಂದು ಮಡಿಗೆ ಸಣ್ಣಗೆ ಹರಿಯುತ್ತಿತ್ತು. ಬೆಳ್ಳಕ್ಕಿಗಳು ಒಂದೊಂದಾಗಿ ಎದ್ದು ಗುಡ್ಡದ ಕಡೆ ಹೋದವು. ನಾವಿಬ್ಬರು ಹೆಂಗಸರು ಅಲುಗಾಡದೆ ಕುಳಿತೆವು. ಆ ಹೊತ್ತು ಎಷ್ಟಿತ್ತೆಂದು ನನಗೆ ಈಗಲೂ ಹೇಳಲು ಬರುವುದಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ತಿಳಿದಿದ್ದೆ. ಸರಿಹೋಗಿರಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಅವರು ಮತ್ತೆ, "ನಿಮ್ಮತ್ತಿ ಬಂದ್ಲೇನು?" ಎಂದರಂತೆ. ಸೊಸೆ ಮತ್ತೆ ಹೇಳಿದಳು. ಅವರು ಮತ್ತೆ ಅತ್ತರು. ಅದರ ಮರುದಿನವೂ ಹಾಗೇ. ಒಂದು ಮಧ್ಯಾಹ್ನ ನಾನು ವರ್ಷಾಂತ್ಯದ ಲೆಕ್ಕದಲ್ಲಿ ಮುಳುಗಿದ್ದಾಗ ಆಕೆಯ ಫೋನು ಬಂತು.

"ದಿನಾ ಮುಂಜಾನಿ ಅತ್ತೀನ ಹೊಸದಾಗಿ ಕಳಕೊಂಡಂಗ ಆಗಾಕತ್ತೈತ್ರಿ ಅಕ್ಕಾರ. ನನ್ನ ಕಡಿಂದ ಆಗವಲ್ದು. ಮತ್ತ ಆರನೂರಕ್ಕ ಹೋಗಿಬಿಡ್ಲೇನ್ರಿ?"

ನಾನು ಕಿಟಕಿಯಾಚೆ ಕೋಟೆಗೋಡೆ ನೋಡುತ್ತ ನಿಂತೆ. ಪುಸ್ತಕದ ಮಾತು ಅಲ್ಲಿ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. "ನಿಮ್ಮ ಮನಸ್ಸಿಗೆ ಏನ ಅನ್ನಿಸ್ತೈತ್ರಿ?" ಎಂದಷ್ಟೇ ಕೇಳಿದೆ.

ಆಕೆ ಮೂಗೆಳೆದುಕೊಂಡು, "ಅತ್ತ ಮ್ಯಾಲೆ ನನ್ನ ತಲಿ ಸವರತಾರ್ರಿ. ಆರನೂರರ ಕಾಲದಾಗ ನಾ ಈ ಮನಿಗೆ ಬಂದಿದ್ದ ಹೊಸದು. ಆವಾಗ ನನ್ನ ಸರಿಯಾಗಿ ಮಾತಾಡಸ್ತಿರಲಿಲ್ಲ. ಈಗ ತಲಿ ಸವರತಾರ. ಇನ್ನೊಂದೀಟ ದಿನ ನೋಡ್ತೀನಿ," ಎಂದಳು.

ಇವತ್ತಿನ ದರ ಹೇಳುವುದನ್ನು ಅವಳು ಬಿಡಲಿಲ್ಲ. ಸುಗ್ಗಿಯ ಹೊತ್ತಿಗೆ ಒಂದು ಬೆಳಿಗ್ಗೆ ಮುದುಕರು ಎದ್ದು, ಯಾರೂ ಹೇಳುವ ಮೊದಲೇ, "ಹದಿನೆಂಟನೂರರ ಮ್ಯಾಲೆ ಹೋತೇನು, ಇಳೀತೇನು?" ಎಂದು ಕೇಳಿದರು. ದರ ಇಳಿದಿತ್ತು. ಸುಗ್ಗಿಯಲ್ಲಿ ಇಳಿಯುವುದೇ ಎಂದರಂತೆ. ಅವತ್ತು ಹೆಂಡತಿ ಬಂದಳೇ ಎಂದು ಕೇಳಲಿಲ್ಲ. ಅವಳ ಫೋಟೋ ತಂದು ಮಂಚದ ಎದುರಿನ ಗೋಡೆಗೆ ಹಾಕಿಸಿದರು. ಮರೆವು ಪೂರ್ತಿ ಹೋಗಲಿಲ್ಲ. ಮೊಮ್ಮಕ್ಕಳ ಹೆಸರು ಈಗಲೂ ಅದಲುಬದಲಾಗುತ್ತದೆ. ಆದರೆ ಅವರು ನಮ್ಮ ಕಾಲದೊಳಕ್ಕೆ ಬಂದರು, ಒಂದು ಕಾಲು ಹೊರಗಿಟ್ಟೇ ಆದರೂ.

ಮಳೆಗಾಲದಲ್ಲಿ ಮಿಲ್ಲಿನ ಹಳೆಯ ಪಾಲುದಾರ ರೈತರು ಹೊಸ ಮುಖ್ಯಸ್ಥರನ್ನು ಆರಿಸಲು ಬಂದು ಪಡಸಾಲೆಯಲ್ಲಿ ಕುಳಿತರು. ಬ್ಯಾಂಕಿನ ಪರವಾಗಿ ನಾನೂ ಇದ್ದೆ. ಯಾರೂ ಮುದುಕರಿಗೆ ಬುದ್ಧಿಯಿಲ್ಲವೆಂದು ಬರೆಸಬೇಕಾಗಲಿಲ್ಲ. ಅವರೇ ಎಲ್ಲರ ಮುಂದೆ ಹೇಳಿದರು. "ನನ್ನ ತಲಿ ಒಮ್ಮೊಮ್ಮೆ ಇರತೈತಿ, ಒಮ್ಮೊಮ್ಮೆ ಇರಂಗಿಲ್ಲ. ಹಿಂತಾಂವ ಮುಂದ ಕುಂದರಬಾರದು. ನಮ್ಮ ಸೊಸಿನ್ನ ಮಾಡ್ರಿ. ನನ್ನ ಸಂಗಾಟ ಖರೆ ಮಾತಾಡಿದಾಕಿ ಅಕಿ ಒಬ್ಬಾಕಿನ." ಎಡಗೈಯಲ್ಲಿ ಪೆನ್ನು ಹಿಡಿದು ಸಾವಕಾಶವಾಗಿ ಸಹಿ ಮಾಡಿದರು. ಅಕ್ಷರಗಳು ವಾಲಿಕೊಂಡಿದ್ದವು. ಸೊಸೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಎಲ್ಲರಿಗೂ ಉಪ್ಪಿಟ್ಟಿನ ತಟ್ಟೆ ತಂದಿದ್ದಳು.

ನಮ್ಮ ಆ ವರ್ಷದ ವರದಿಯಲ್ಲಿ ಮಿಲ್ಲು ಒಂದು ರೂಪಾಯಿಯಾಗಿಯೇ ಉಳಿದಿತ್ತು. ಮಾರನೆಯ ವರ್ಷದ ಹೊತ್ತಿಗೆ ಬಾಕಿಯಿದ್ದ ಬ್ಯಾಲೆನ್ಸ್‌ಶೀಟುಗಳೆಲ್ಲ ಬಂದವು. ಸಾಹೇಬರು ನಿವೃತ್ತಿಗೆ ಮುಂಚೆ ನನ್ನ ಜೊತೆ ಕುಳಿತು ಕಟ್ಟಿದ ಕೊನೆಯ ಬೆಲೆ ಆ ಮಿಲ್ಲಿನದು. ಯಂತ್ರಗಳು ಹಳೆಯವು, ಕಟ್ಟಡ ಗಟ್ಟಿ, ಜಾಗ ಒಳ್ಳೆಯದು. ಎಲ್ಲ ತೂಗಿ ನೋಡಿದಾಗ ನಾವು ಕೊಂಡದ್ದಕ್ಕಿಂತ ತುಸು ಕಡಿಮೆಯೇ ಬಂತು. ಮೂರನೆಯ ಮೆಟ್ಟಿಲಿನ ಸಾಲಿನಲ್ಲಿ ಅದನ್ನು ಬರೆದು, ಯಾಕೆ ಅಷ್ಟು ಎಂದು ಕೆಳಗೆ ಸಣ್ಣಕ್ಷರದಲ್ಲಿ ಎರಡು ಸಾಲು ಬರೆದೆ. ಸಾಹೇಬರು ಓದಿ, ಕನ್ನಡಕ ತೆಗೆದು, "ಆತು," ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮೆಚ್ಚುಗೆ.

ವರದಿ ಅಚ್ಚಾದ ಮೇಲೆ ಸೊಸೆಗೆ ಫೋನಿನಲ್ಲಿ ಬೆಲೆ ಹೇಳಿದೆ.

"ಅಷ್ಟೇನ್ರಿ?" ಎಂದಳು. ಒಂದು ಕ್ಷಣದ ಮೇಲೆ ನಕ್ಕಳು. "ಇರ್ಲಿ ಬಿಡ್ರಿ. ಮುಂದಿನ ವರ್ಷ ಹೊಸಾ ಮಷೀನ ಹಾಕಸ್ತೀನಿ. ಆವಾಗ ಬಂದ ನೋಡ್ರಿ."

ನೋಡಲು ಹೋದೆ, ಚಳಿಗಾಲದ ಸುಗ್ಗಿಯಲ್ಲಿ. ಹೊಸ ಯಂತ್ರ ಇನ್ನೂ ಬಂದಿರಲಿಲ್ಲ, ಅದಕ್ಕೆ ನೆಲ ಅಗೆದಿದ್ದರು. ಬರುವಾಗ ಆಕೆ ಹೊಸ ಸೋನಾ ಅಕ್ಕಿಯ ಒಂದು ಸಣ್ಣ ಚೀಲ ಮುಂದಿಟ್ಟಳು. ಬ್ಯಾಂಕಿನವಳು ನಾನು, ಸುಮ್ಮನೆ ತೆಗೆದುಕೊಳ್ಳುವಂತಿಲ್ಲ. ಗಂಜಿನ ದರ ಕೊಟ್ಟೇ ತಂದೆ. ಆಕೆ ಮುನಿಸಿಕೊಂಡಳು, ಆದರೂ ಬಸ್ಸಿನ ತನಕ ಚೀಲ ಹೊತ್ತು ಬಂದಳು.

ಆಗ ನನ್ನ ಅವ್ವ ಬೇವೂರಿನಿಂದ ನಮ್ಮ ಮನೆಗೆ ಬಂದಿದ್ದಳು. ರೊಟ್ಟಿಯಿಲ್ಲದೆ ಊಟವಾಯಿತೆಂದು ಒಪ್ಪುವವಳಲ್ಲ. ಅವತ್ತು ಮಾತ್ರ ಆ ಅಕ್ಕಿಯ ಬಿಸಿ ಅನ್ನಕ್ಕೆ ಹಾಲು ಹಾಕಿಕೊಂಡು ಎರಡು ಸಲ ಉಂಡಳು. ಬಾಗಿಲ ಬಳಿ ಬಿಸಿಲು ಬೀಳುವಲ್ಲಿ ಚಾಪೆ ಹಾಸಿಕೊಂಡು, "ಈ ಅನ್ನ ಉಂಡ್ರ ಭಾಳ ನಿದ್ದಿ ಬರ್ತೈತಿ ನೋಡು," ಎಂದಳು. ನಾನೂ ಅವಳ ಪಕ್ಕದಲ್ಲಿ ಅಡ್ಡಾದೆ. ಮೊದಲು ನಿದ್ದೆ ಹೋದದ್ದು ನಮ್ಮಿಬ್ಬರಲ್ಲಿ ಯಾರೋ, ಗೊತ್ತಿಲ್ಲ.